ಸಮುದ್ರ, ಹುಲಿ ಮತ್ತು ನನ್ನ ವಿಚಾರಣೆ

ಮಂಗಳೂರಿನ ಸಮುದ್ರ, ಕೋಟೆ ಕಾಡಿನ ಹುಲಿ, ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿಕೊಂಡು ಬರೋಣ ಎಂದು ಮಗಳು ಹೇಳಿದ ದಿನವೇ ಇದರಲ್ಲಿ ಏನೋ ಮಸಲತ್ತಿದೆ ಎಂದುಕೊಂಡೆ. ನಮ್ಮೂರು ಬೆಟ್ಟದಪುರದ ಹತ್ತಿರ. ಮಂಗಳೂರು ನಮಗೆ ಪಡುವಲಿಗೆ, ಮಡಿಕೇರಿ ಘಾಟಿ ಇಳಿದು ಹೋಗಬೇಕು. ಕೋಟೆ ಎಂದರೆ ಹೆಗ್ಗಡದೇವನಕೋಟೆ, ಅದು ತೆಂಕಲಿಗೆ, ಹುಣಸೂರು ದಾಟಿ ಹೋಗಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವಂಥ ಈ ಪ್ರವಾಸವನ್ನು ಬುದ್ಧಿ ಇರುವ ಯಾರೂ ಹಾಕುವುದಿಲ್ಲ. ನನ್ನ ಮಗಳಿಗೆ ಬುದ್ಧಿ ಇದೆ. ಅನುಮಾನ ಬಂದದ್ದೇ ಅದಕ್ಕೆ.

ಅವಳು ಹುಣಸೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋಗಿ ಸಾಯಂಕಾಲದ ಬಸ್ಸಿಗೆ ಬರುತ್ತಾಳೆ. ವಯಸ್ಸು ಇಪ್ಪತ್ತೆಂಟು, ಮದುವೆಯಾಗಿಲ್ಲ. ಸಂಬಂಧ ಬರಲಿಲ್ಲ ಎಂದೇನಲ್ಲ. ನಾಲ್ಕು ಬಂದವು, ನಾಲ್ಕನ್ನೂ ನಾನೇ ಹೋಗಿ ವಿಚಾರಿಸಿ, ನಾನೇ ಬೇಡ ಎಂದೆ. ಒಂದು ಸಲವಾದರೂ ಮಗಳನ್ನು ಒಂದು ಮಾತು ಕೇಳಲಿಲ್ಲ ಎಂದು ಹೆಂಡತಿ ಹಂಗಿಸುತ್ತಿದ್ದಳು. ಬೇಡವಾದದ್ದನ್ನು ಬೇಡ ಅನ್ನುವುದಕ್ಕೆ ಕೇಳುವುದೇನು ಬಂತು ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಈ ವಿಚಾರಿಸುವ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟರೆ ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯ ಗುಣ ತಿಳಿಯಲು ಒಬ್ಬರನ್ನು ಗುಟ್ಟಾಗಿ ಕಳಿಸುತ್ತಾರೆ. ಇಪ್ಪತ್ತು ವರ್ಷದಿಂದ ನಮ್ಮ ನೆಂಟರಲ್ಲಿ ಆ ಒಬ್ಬ ನಾನೇ. ಗಂಡಿನ ಮನೆ ಹತ್ತಿರ ನಾನು ಸುಳಿಯುವುದೂ ಇಲ್ಲ. ಎತ್ತು ಕೊಳ್ಳಲು ಬಂದವನಂತೆ ಬೆಳಿಗ್ಗೆ ಹಾಲಿನ ಡೇರಿ ಹತ್ತಿರ ನಿಲ್ಲುತ್ತೇನೆ. ಆಮೇಲೆ ಕ್ಷೌರದ ಅಂಗಡಿಯಲ್ಲಿ ಗಡ್ಡಕ್ಕೆ ಕೂರುತ್ತೇನೆ. ಒಮ್ಮೆ ಭೇರ್ಯದಲ್ಲಿ ಹೀಗೇ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಒಬ್ಬ ಹುಡುಗನ ಮಾತು ತೆಗೆದಾಗ ಕ್ಷೌರದವನು, "ಬಾಳ ಒಳ್ಳೆ ಹುಡ್ಗ ಕಣ್ ಸಾಮಿ, ಸಾಯಂಕಾಲದ ತಂಕ" ಎಂದ. ಅಷ್ಟೇ ಸಾಕಾಯಿತು. ಅರ್ಧ ಗಡ್ಡ ಇನ್ನೂ ಉಳಿದಿರುವಾಗಲೇ ಆ ಸಂಬಂಧ ಮುರಿದಿತ್ತು.

ಇಂಥವನ ಮುಂದೆ ಮಗಳು ಒಂದು ಚೀಟಿ ತಂದು ಇಟ್ಟಳು. ಸಂಕ್ರಾಂತಿ ಕಳೆದ ಮೇಲೆ ಹೊರಡುವುದು. ಪಿರಿಯಾಪಟ್ಟಣದಿಂದ ಮಂಗಳೂರು ಬಸ್ಸು. ಅಲ್ಲಿ ಒಂದು ರಾತ್ರಿ ಲಾಡ್ಜಿನಲ್ಲಿ. ಸಮುದ್ರ, ದೇವಸ್ಥಾನ. ವಾಪಸು ಹುಣಸೂರಿಗೆ ಬಂದು ತಂಗುವುದು. ಮೂರನೇ ದಿನ ಕೋಟೆಗೆ ಹೋಗಿ, ಮಧ್ಯಾಹ್ನದ ಮೇಲೆ ಕಾಡಿನಲ್ಲಿ ಸಫಾರಿ. ನಾನು, ಹೆಂಡತಿ, ಅವಳು, ಮೂರೇ ಜನ.

"ಹುಣಸೂರಿನ ಪಕ್ಕ ವೀರನಹೊಸಹಳ್ಳೀಲೇ ಸಫಾರಿ ಅದಲ್ಲ, ಕೋಟೆ ತಂಕ ಯಾಕ್ ಹೋಗ್ಬೇಕು?" ಎಂದೆ.

"ಕೋಟೆ ಕಡೆ ಹುಲಿ ಜಾಸ್ತಿ ಕಾಣ್ಸುತ್ತಂತೆ ಅಪ್ಪಾಜಿ."

"ಅಂತೆ ಅಂತ ಯಾರಂದ್ರು?"

"ಎಲ್ರೂ ಅಂತಾರೆ."

ಎಲ್ಲರೂ ಅನ್ನುವವರು ಯಾರೋ ಒಬ್ಬರನ್ನು ಮುಚ್ಚಿಡುತ್ತಾರೆ. ಇದು ನನ್ನ ಅನುಭವದ ಮಾತು.

ಹೆಂಡತಿಗೆ ಇದಾವುದೂ ಹೊಳೆಯಲಿಲ್ಲ. "ಆನೆ ನೋಡಕ್ಕೆ ಜೀಪ್ ಹತ್ಕೊಂಡು ಹೋಗ್ಬೇಕಾ? ನಮ್ಮ ತವರಲ್ಲಿ ಹಲಸಿನಹಣ್ಣಿಗೆ ಹಿತ್ಲಿಗೇ ಬರೋವು" ಎಂದು ನಕ್ಕಳು. ಆದರೆ ಸಮುದ್ರ ಎಂದಾಗ ಅವಳ ಮುಖ ಬೇರೆಯಾಯಿತು. ನೀರೆಂದರೆ ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವುದನ್ನು ನೋಡಿದ್ದಷ್ಟೇ ಅವಳು. ಮಾರನೆಯ ದಿನವೇ ಯಾವ ಸೀರೆ ಉಡುವುದು ಎಂದು ಪೆಟ್ಟಿಗೆ ತೆಗೆದು ಕುಳಿತಳು.

ನಾನು ಬೇರೆ ಲೆಕ್ಕ ಹಾಕುತ್ತಿದ್ದೆ. ನಮಗೆ ಮಂಗಳೂರಿನಲ್ಲಿ ಯಾರೂ ಇಲ್ಲ, ಕೋಟೆಯಲ್ಲೂ ಯಾರೂ ಇಲ್ಲ. ಮಗಳು ಹಿಡಿದಿರುವ ದಿನಗಳಾದರೋ ನನ್ನ ಹೊಗೆಸೊಪ್ಪು ಹರಾಜಿಗೆ ಹೋಗುವ ವಾರ. ನಾನು ಬರಲಾರೆ ಎಂದೇ ಆ ವಾರ ಹಿಡಿದಳೋ? ಕೇಳಿದರೆ, "ನನಗೆ ರಜೆ ಸಿಗೋದು ಅವಾಗ್ಲೇ" ಎಂದಳು. ಅದಾಗಿ ನಾಲ್ಕು ದಿನಕ್ಕೆ ನನ್ನದೂ ಅವರಮ್ಮನದೂ ಆಧಾರ್ ಕಾರ್ಡು ಕೇಳಿದಳು. ಯಾಕೆ ಎಂದೆ. ಲಾಡ್ಜಿಗೆ ಬೇಕು, ಸಫಾರಿಗೂ ಬೇಕು ಎಂದಳು. ಬೇಕಿರಬಹುದು. ಆದರೆ ರಿಜಿಸ್ಟ್ರಾರ್ ಆಫೀಸಿಗೂ ಅದೇ ಬೇಕು, ಸಾಕ್ಷಿ ಹಾಕುವವರಿಗೂ ಅದೇ ಬೇಕು. ಅಪ್ಪ ಅವ್ವನನ್ನು ಸಮುದ್ರ ತೋರಿಸುತ್ತೇನೆ ಎಂದು ಕರೆದುಕೊಂಡು ಹೋಗಿ ಅಲ್ಲೇ ಹಾರ ಬದಲಾಯಿಸಿಕೊಂಡರೆ?

ನನ್ನ ಹೆದರಿಕೆ ಏನೆಂದು ಬಿಚ್ಚಿ ಹೇಳುತ್ತೇನೆ. ಮಗಳು ಯಾರನ್ನೋ ಮೆಚ್ಚಿದ್ದಾಳೆ ಎಂದಲ್ಲ. ಆ ವಯಸ್ಸಿಗೆ ಮೆಚ್ಚದಿದ್ದರೇ ಆಶ್ಚರ್ಯ. ನನಗೆ ಹೇಳದೆ ಹೊರಟುಬಿಡುತ್ತಾಳೆ ಎಂಬುದೇ ಹೆದರಿಕೆ. ಮಂದಿ ಮಕ್ಕಳಿಗೆ ಬಂದ ಗಂಡುಗಳನ್ನೆಲ್ಲ ವಿಚಾರಿಸಿದವನಿಗೆ ತನ್ನ ಮಗಳ ಸುದ್ದಿ ಊರವರಿಂದ ಗೊತ್ತಾಯಿತಂತೆ ಎಂಬ ಮಾತು ಕಿವಿಗೆ ಬೀಳುವುದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ. ಅದರಲ್ಲಿ ಅರ್ಧ ನನ್ನ ಜಂಬ. ಇನ್ನರ್ಧ ಬರೀ ಸಂಕಟ. ಚಿಕ್ಕವಳಿದ್ದಾಗ ಸ್ಕೂಲಿನಲ್ಲಿ ಯಾರು ಯಾರಿಗೆ ಹೊಡೆದರು ಅನ್ನುವುದನ್ನೂ ಬಂದು ನನ್ನ ಹತ್ತಿರವೇ ಒಪ್ಪಿಸುತ್ತಿದ್ದಳು.

ಹಾಗಾಗಿ ನಾನು ಕಿವಿ ತೆರೆದುಕೊಂಡು ಓಡಾಡಿದೆ. ಒಂದು ಭಾನುವಾರ ಅವಳು ಹಿತ್ತಿಲಲ್ಲಿ ನಿಂತು ಫೋನಿನಲ್ಲಿ, "ಸಂತೆಮಾಳದ ಹಿಂದ್ಗಡೆ ಬೀದೀನಾ? ಹಸಿರು ಗೇಟಾ? ಗೊತ್ತಾಯ್ತು ಬುಡು, ಊಟದ ಹೊತ್ಗೆ ಬತ್ತೀವಿ" ಅನ್ನುತ್ತಿದ್ದಳು. ನಾನು ಹಸುವಿಗೆ ಹುಲ್ಲು ಹಾಕುತ್ತಿದ್ದವನು ಹಾಕುತ್ತಲೇ ಇದ್ದೆ. ಹಸುವಿನ ಮುಂದೆ ಮೊಣಕಾಲೆತ್ತರ ಹುಲ್ಲು ಬಿದ್ದಿತ್ತು. ಸಾಯಂಕಾಲ ಏನೂ ತಿಳಿಯದವನಂತೆ, "ಕೋಟೇಲಿ ಮಧ್ಯಾಹ್ನದೂಟ ಎಲ್ಲಿ ಮಾಡದು?" ಎಂದು ಕೇಳಿದೆ.

"ಯಾವ್ದಾರ ಹೋಟ್ಲಲ್ಲಿ" ಎಂದಳು, ನನ್ನ ಮುಖ ನೋಡದೆ.

ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ. ಹೊಗೆಸೊಪ್ಪು ಬೇಯಿಸುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬುಧವಾರ ಬೆಳಿಗ್ಗೆ, ಗೊಬ್ಬರ ನೋಡಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿ, ಮಗಳು ಹತ್ತುವ ಬಸ್ಸಿಗಿಂತ ಮುಂಚಿನ ಬಸ್ಸು ಹತ್ತಿ ಕೋಟೆಗೆ ಹೋದೆ. ಸಂತೆಮಾಳದ ಹಿಂದಿನ ಬೀದಿಯಲ್ಲಿ ಹಸಿರು ಗೇಟು ಒಂದೇ ಇತ್ತು. ತಾರಸಿ ಮನೆ, ಮುಂದೆ ಒಂದು ಸೀಬೆ ಮರ, ಒಂದು ಬೈಕು. ಬೈಕು ಅಂದ ಮೇಲೆ ಹುಡುಗ ಇರಲೇಬೇಕು. ಬೀದಿಯ ಕೊನೆಯಲ್ಲಿ ಡೇರಿ. ಹಾಲು ಹಾಕುವ ಹೊತ್ತು ಮುಗಿದಿತ್ತು, ಇಬ್ಬರು ಮೂವರು ಕ್ಯಾನು ತೊಳೆಯುತ್ತಿದ್ದರು. ನನ್ನ ಹಳೆಯ ವರಸೆ ತೆಗೆದೆ: ಎತ್ತಿನ ಮಾತು, ಮಳೆಯ ಮಾತು, ಆಮೇಲೆ ಮೆಲ್ಲಗೆ ಹಸಿರು ಗೇಟಿನ ಮಾತು.

ಸುಲಭವಾಗಿ ಬಾಯಿ ಬಿಟ್ಟರು. ಮನೆಯವರು ಒಳ್ಳೆಯ ಜನ. ಗೊಬ್ಬರದ ಅಂಗಡಿ ಇದೆ. ಹುಡುಗ ಒಬ್ಬ, ಮೂವತ್ತರ ಹತ್ತಿರ, ಅಂಗಡಿ ನೋಡಿಕೊಳ್ಳುತ್ತಾನೆ, ಕೆಟ್ಟ ಚಾಳಿ ಇಲ್ಲ. ತಂಗಿಗೆ ಹುಣಸೂರಿನ ಆಸ್ಪತ್ರೆಯಲ್ಲಿ ಕೆಲಸ. ಹುಣಸೂರಿನ ಆಸ್ಪತ್ರೆ! ನನಗೆ ಎಲ್ಲ ಸ್ಪಷ್ಟವಾಯಿತು. ತಂಗಿಯ ಗೆಳೆತನ, ಅಣ್ಣನ ಪರಿಚಯ, ನಮ್ಮನ್ನು ಸಫಾರಿಯ ನೆಪದಲ್ಲಿ ಊಟಕ್ಕೆ ಕೂರಿಸುವುದು.

ಕ್ಯಾನು ತೊಳೆಯುತ್ತಿದ್ದವರಲ್ಲಿ ವಯಸ್ಸಾದವರೊಬ್ಬರು ಕೈ ಒರೆಸಿಕೊಳ್ಳುತ್ತಾ, "ತಮ್ದು ಯಾವೂರು?" ಎಂದರು. ಬೆಟ್ಟದಪುರದ ಕಡೆ ಎಂದೆ. "ಎಣ್ಣು ನಿಮ್ಮ ಮಗಳೇನಾ?" ಎಂದರು.

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಇಲ್ಲ, ನಮ್ಮ ನೆಂಟರ ಮಗಳು ಅನ್ನುತ್ತಿದ್ದೆ, ಅದು ನಿಜವೂ ಆಗಿರುತ್ತಿತ್ತು. ಈ ಸಲ ಸುಮ್ಮನೆ ನಕ್ಕೆ. ಆ ನಗು ನನ್ನನ್ನು ಮುಳುಗಿಸಿತು. ಹೆಣ್ಣಿನ ಅಪ್ಪನೇ ಬಂದು ಡೇರಿಯಲ್ಲಿ ನಿಂತು ವಿಚಾರಿಸಿ ನಕ್ಕು ಹೋದರೆ, ನಮ್ಮ ಸೀಮೆಯಲ್ಲಿ ಅದಕ್ಕೆ ಅರ್ಥ ಒಂದೇ: ನಮಗೆ ಇಷ್ಟ, ನೀವು ಬನ್ನಿ.

ಬಂದರು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಹಸಿರು ಗೇಟಿನ ಯಜಮಾನರೂ ಅವರ ಹೆಂಡತಿಯೂ ಒಂದು ಕಾರಿನಲ್ಲಿ ಬಂದು ಇಳಿದರು. ಕೈಯಲ್ಲಿ ಮಲ್ಲಿಗೆ ದಿಂಡು, ಬಾಳೆಹಣ್ಣು, ತೆಂಗಿನಕಾಯಿ. ನನ್ನ ಹೆಂಡತಿ ಕಂಗಾಲಾಗಿ ನನ್ನ ಕಡೆ ನೋಡಿದಳು. ನಾನು ಕಂಬದ ಕಡೆ ನೋಡಿದೆ.

ಮಗಳು ತಲೆಗೆ ನೀರು ಹಾಕಿಕೊಂಡು ಟವೆಲ್ ಸುತ್ತಿಕೊಂಡು ಬಂದವಳು, "ಅರೆ, ಆಂಟಿ! ನೀವು ನಮ್ಮನೇಗೆ!" ಎಂದು ಓಡಿ ಬಂದಳು. ಖುಷಿಯಿಂದಲೇ ಬಂದಳು. ಆಮೇಲೆ ಹೂವು ನೋಡಿದಳು. ಹಣ್ಣು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನಮ್ಮ ಹುಡುಗನ ವಿಚಾರ್ಸಕ್ಕೆ ಖುದ್ದು ತಾವೇ ಬಂದಿದ್ರಂತೆ" ಎಂದರು ಯಜಮಾನರು ನನಗೆ, ಕೈ ಮುಗಿಯುತ್ತಾ. "ಮನೆ ತಂಕ ಬರ್ದೆ ಹೊಂಟೋದ್ರಲ್ಲ, ಒಂದ್ಲೋಟ ಕಾಫಿನಾದ್ರೂ ಕುಡ್ಕೊಂಡು ಹೋಗ್ಬಾರ್ದಿತ್ತಾ? ಬೆಟ್ಟದಪುರದ ಕಡೆಯವ್ರು ಅಂದಾಗ್ಲೇ ಗೊತ್ತಾಯ್ತು. ನಮ್ಮ ಮಗಳ ಜೊತೆ ಕೆಲ್ಸ ಮಾಡೋ ಹುಡ್ಗಿ ಅಂದ್ರೆ ನಮಗೆ ಇನ್ನೇನ್ ಯೋಚ್ನೆ?"

ನಾನು ಏನಾದರೂ ಹೇಳಬೇಕಿತ್ತು. ಕೂರಿ ಕೂರಿ ಎಂದು ಚಾಪೆ ಸರಿಮಾಡಿದೆ. ಮಗಳೇ ಎಲ್ಲರಿಗೂ ಕಾಫಿ ಕೊಟ್ಟಳು. ಕೊಟ್ಟಾದ ಮೇಲೆ, ಲೋಟದ ತಟ್ಟೆ ಕೈಯಲ್ಲೇ ಹಿಡಿದುಕೊಂಡು, ಆ ತಾಯಿಯ ಮುಂದೆ ನಿಂತು ಹೇಳಿದಳು: "ತಪ್ಪು ತಿಳ್ಕೋಬೇಡಿ ಆಂಟಿ. ಅಣ್ಣನ್ನ ನಾನು ಒಂದ್ಸಲನೂ ಮಾತಾಡ್ಸಿಲ್ಲ. ಅಪ್ಪಾಜಿ ನಿಮ್ಮ ಹುಡುಗನ್ನ ನೋಡಕ್ಕೆ ಬಂದಿರ್ಲಿಲ್ಲ, ನನ್ನ ಹಿಡಿಯಕ್ಕೆ ಬಂದಿದ್ರು."

ಯಜಮಾನರ ಮುಖ ಕಪ್ಪಿಟ್ಟಿತು. ಆ ತಾಯಿ ಮಾತ್ರ ಲೋಟ ಕೆಳಗಿಟ್ಟು, "ನಿಮ್ಮವ್ವನಿಗೆ ಸಕ್ಕರೆ ಕಾಯ್ಲೆ, ಹೊತ್ತಿಗೆ ಸರಿಯಾಗಿ ಊಟ ಆಗ್ಬೇಕು ಅಂತ ನಮ್ಮ ಮಗಳು ಅಂದಿದ್ಲು. ಅದ್ಕೇ ಸಫಾರಿಗೆ ಹೋಗೋಕೆ ಮುಂಚೆ ನಮ್ಮನೇಲಿ ಉಂಡೋಗಿ ಅಂದಿದ್ದೆ. ಊಟಕ್ಕೆ ಕರ್ದಿದ್ದು ಊಟಕ್ಕೇ ಕಣವ್ವ" ಎಂದರು. ನನ್ನ ಹೆಂಡತಿ ಆ ಹೆಂಗಸಿನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಅವರು ಕಾರು ಹತ್ತುವಾಗ ನಾನು ಗೇಟಿನವರೆಗೂ ಹೋದೆ. ಯಜಮಾನರು ನನ್ನ ಕಡೆ ತಿರುಗಲಿಲ್ಲ. ಒಬ್ಬ ಒಳ್ಳೆಯ ಹುಡುಗನನ್ನು ಹೆಣ್ಣಿನ ಕಡೆಯವರು ವಿಚಾರಿಸಿ ಬೇಡವೆಂದರು ಎಂದು ಸಾಯಂಕಾಲದೊಳಗೆ ಕೋಟೆಯ ಡೇರಿಗೆಲ್ಲ ಗೊತ್ತಾಗುತ್ತದೆ. ಅದು ನನ್ನನ್ನು ಬಿಟ್ಟು ಇನ್ನಾರಿಗೆ ಚೆನ್ನಾಗಿ ಗೊತ್ತಿರಲು ಸಾಧ್ಯ?

ಜಗಲಿಗೆ ಬಂದು ಕುಳಿತೆ. ಮಗಳು ಎದುರಿಗೆ ಬಂದು ನಿಂತಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಸರಿಮಾಡಿಕೊಳ್ಳುತ್ತಿದ್ದೆ.

"ನಾಳೆ ಅವಳ ಮುಖ ಎಂಗ್ ನೋಡ್ಲಿ ನಾನು? ಒಂದೇ ಟೇಬಲ್ ಅಪ್ಪಾಜಿ ನಮ್ಮಿಬ್ಬರ್ದೂ."

"ಹೋಟ್ಲಲ್ಲಿ ಊಟ ಅಂತ ನೀನ್ಯಾಕ್ ಸುಳ್ಳೇಳ್ದೆ ಮತ್ತೆ?" ಎಂದೆ. ಕೈಗೆ ಸಿಕ್ಕಿದ್ದು ಅದೊಂದೇ ಕೋಲು.

"ಯಾರ್ದಾದ್ರೂ ಮನೆ ಅಂದ್ರೆ ನೀವು ಅಲ್ಲಿಗ್ ಹೋಗಿ ನಿಂತ್ಕೊತೀರ ಅಂತ. ಹೇಳ್ದೆ ಇದ್ರೂ ಹೋಗಿ ನಿಂತ್ಕೊಂಡ್ರಲ್ಲ."

ಆದರೂ ಹಟ ಬಿಡದೆ, ಅದು ಊಟಕ್ಕೇ ಆಗಿದ್ದರೆ ಈ ದಿಕ್ಕುತಪ್ಪಿದ ಪ್ರವಾಸ ಯಾಕೆ, ಪಡುವಲಿಗೊಂದು ಕಾಲು ತೆಂಕಲಿಗೊಂದು ಕಾಲು ಯಾಕೆ ಎಂದು ಕೇಳಿದೆ.

"ನಿಮಗೆ ಒಂದ್ ವಿಷ್ಯ ಹೇಳ್ಬೇಕಿತ್ತು" ಎಂದಳು. "ಒಂದ್ ವರ್ಷದಿಂದ ಹೇಳ್ಬೇಕು ಅಂತಿದ್ದೀನಿ. ಮನೇಲಿ ಬಾಯಿ ತೆಗೆದ್ರೆ ಬ್ಯಾರನ್ ನೋಡ್ಬೇಕು ಅಂತ ಎದ್ದೋಗ್ತೀರ, ಇಲ್ಲ ಹಸು ನೋಡ್ಬೇಕು ಅಂತ ಎದ್ದೋಗ್ತೀರ. ಸಮುದ್ರದ ಮುಂದೆ ಕೂರ್ಸುದ್ರೆ ಎಲ್ಲಿಗ್ ಎದ್ದೋಗ್ತಾರೆ ಅನ್ಕೊಂಡೆ. ಅಲ್ಲೂ ಆಗ್ನಿಲ್ಲ ಅಂದ್ರೆ ಸಫಾರಿ. ಹುಲಿ ಇರೋ ಕಾಡಲ್ಲಿ ಜೀಪಿಂದ ಯಾರೂ ಇಳಿಯಂಗಿಲ್ಲವಂತೆ."

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಉರಿ ಹಾಕಿದ ಮೇಲೆ ಹಗಲೂ ರಾತ್ರಿ ಅದರ ಬಿಸಿ ನೋಡುತ್ತಲೇ ಇರಬೇಕು, ನಿಜ. ಆದರೆ ವರ್ಷದಲ್ಲಿ ಎಂಟು ತಿಂಗಳು ಅದು ತಣ್ಣಗೆ ಬಿದ್ದಿರುತ್ತದೆ. ಆ ಎಂಟು ತಿಂಗಳೂ ನಾನು ಬ್ಯಾರನ್ ನೋಡಬೇಕು ಎಂದು ಎದ್ದು ಹೋಗುತ್ತಿದ್ದೆ. ಮಗಳ ಮಾತು ಯಾವ ಕಡೆಗೆ ತಿರುಗುತ್ತಿದೆ ಎಂದು ಗೊತ್ತಾದ ಕೂಡಲೇ ನನ್ನ ಕಾಲು ತಾನಾಗಿಯೇ ಎದ್ದು ಬಿಡುತ್ತಿತ್ತು. ಯಾರೂ ಹೇಳದ್ದನ್ನು ಕೇಳಿ ತಿಳಿಯಲು ಇಪ್ಪತ್ತು ವರ್ಷ ಊರೂರು ಅಲೆದವನು ನಾನು. ಮನೆಯಲ್ಲಿ ಹೇಳಲು ಬಂದವಳ ಮುಂದೆ ಕೂರಲಾರದೆ ಹೋದೆ.

"ಏನ್ ಹೇಳ್ಬೇಕಿತ್ತವ್ವ?" ಎಂದೆ.

"ಈಗ ಬುಡಿ" ಎಂದು ಒಳಗೆ ಹೋದಳು.

ಪ್ರವಾಸ ನಿಲ್ಲಲಿಲ್ಲ. ಮೂರು ಜನರಲ್ಲಿ ಒಬ್ಬರನ್ನು ಕಡಿಮೆ ಮಾಡಿದಳು, ಅಷ್ಟೇ. ಹರಾಜಿನ ವಾರ, ಅಪ್ಪಾಜಿಗೆ ಬಿಡುವಿಲ್ಲ ಎಂದು ಅಕ್ಕಪಕ್ಕದವರಿಗೆ ಹೇಳಿದಳು. ಹರಾಜಿನ ವಾರ ಎಂಬುದು ನಿಜ, ಬಿಡುವಿಲ್ಲ ಎಂಬುದು ನನ್ನ ಮಾನ ಕಾಯಲು ಅವಳು ಹೇಳಿದ ಸುಳ್ಳು. ಕೋಟೆಯಲ್ಲಿ ಉಣ್ಣಲು ಎಂದು ಹುಣಸೂರಿನಿಂದ ಬುತ್ತಿ ಕಟ್ಟಿಕೊಳ್ಳುವ ಏರ್ಪಾಟು ಆಯಿತು. ಹೊರಡುವ ಬೆಳಿಗ್ಗೆ ಹೆಂಡತಿ ಕಡುಗೆಂಪು ಸೀರೆ ಉಟ್ಟು ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಆಡಿಸಿದಳು. ಮಗಳು ಟಿಕೆಟ್ ತೆಗೆಯುತ್ತಿದ್ದಳು.

ಹರಾಜಿನಲ್ಲಿ ನನ್ನ ಸರದಿ ವಾರದ ಕೊನೆಗಿತ್ತು. ಮೂರು ದಿನ ನಾನು ಮನೆ ಬಿಟ್ಟು ಕದಲಲಿಲ್ಲ. ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಾ ಕುಳಿತೆ. ಹೆಂಡತಿ ಎರಡು ಸಲ ಫೋನು ಮಾಡಿದಳು. ಮೊದಲನೇ ಸಲ, "ಏನ್ರೀ, ಇದ್ಕೆ ಆಚೆ ದಡನೇ ಇಲ್ಲ ಕಣ್ರೀ" ಎಂದು ಕೂಗಿದಳು. ಎರಡನೇ ಸಲ ಕೋಟೆಯಿಂದ, ಹುಲಿ ಕಾಣಲಿಲ್ಲ, ಆನೆ ಕಂಡವು, ನಮ್ಮ ತವರಿನವಷ್ಟು ದಪ್ಪ ಇಲ್ಲ ಎಂದಳು. ಅವಳ ದನಿಯಲ್ಲಿ ಏನೋ ಹಗುರ ಇತ್ತು. ಮಗಳು ಹೇಳಬೇಕಾದ್ದನ್ನು ಅವಳಿಗೆ ಹೇಳಿದ್ದಾಳೆ ಎಂದು ನನಗೆ ಆ ದನಿಯಲ್ಲೇ ಗೊತ್ತಾಯಿತು. ಮನೆಗೆ ಬಂದ ಮೇಲೂ ಬಾಯಿ ಬಿಡಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಹೆಂಡತಿ ಒಂದು ಗುಟ್ಟನ್ನು ಒಂದು ದಿನ ಪೂರ್ತಿ ಇಟ್ಟುಕೊಂಡದ್ದು ಅದೇ ಮೊದಲು.

ಬಂದ ಮಾರನೆಯ ದಿನ ಸಾಯಂಕಾಲ ಮಗಳು ಜಗಲಿಗೆ ಬಂದು, ಸ್ವಲ್ಪ ದೂರದಲ್ಲಿ ಕುಳಿತು, ಫೋನಿನಲ್ಲಿ ಫೋಟೋ ತೋರಿಸಿದಳು. ಜಿಂಕೆ, ಕಾಟಿ, ಆನೆಯ ಬೆನ್ನು, ಹಿನ್ನೀರು. ಆಮೇಲೆ ಸಮುದ್ರ. ಒಂದು ಫೋಟೋದಲ್ಲಿ ಹೆಂಡತಿ ಸೀರೆಯನ್ನು ಮೊಣಕಾಲಿನ ತನಕ ಎತ್ತಿಕೊಂಡು ಅಲೆಯಲ್ಲಿ ನಿಂತಿದ್ದಾಳೆ. ಮಗಳು ಒಂದು ಕೈಯಲ್ಲಿ ಅವಳ ತೋಳು ಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ಇಬ್ಬರ ಚಪ್ಪಲಿಯನ್ನೂ ಹಿಡಿದಿದ್ದಾಳೆ.

ಇಬ್ಬರೂ ಫೋಟೋದಲ್ಲಿದ್ದಾರೆ. ನಾಲ್ಕು ಕೈಯೂ ಕಾಣುತ್ತಿವೆ. ಹಾಗಾದರೆ ಫೋಟೋ ತೆಗೆದವರು ಯಾರು?

ಯಾರೋ ದಾರಿಹೋಕರನ್ನು ಕೇಳಿಕೊಂಡು ತೆಗೆಸಿರಬಹುದು. ಆದರೆ ನನ್ನ ಹೆಂಡತಿ ಹೊಸಬರ ಮುಂದೆ ಬಾಯಿಗೆ ಸೆರಗು ಅಡ್ಡ ಹಿಡಿಯುವವಳು. ಈ ಫೋಟೋದಲ್ಲಿ ಎದುರಿಗಿರುವವರನ್ನೇ ನೋಡುತ್ತಾ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾಳೆ. ಎದುರಿಗಿದ್ದವರು ಅವಳಿಗೆ ಹಿಡಿಸಿದ್ದಾರೆ. ಯಾವ ಊರು, ಯಾರ ಪೈಕಿ, ಏನು ಕೆಲಸ, ಪ್ರಶ್ನೆಗಳು ಒಂದರ ಹಿಂದೊಂದು ಗಂಟಲಿಗೆ ಬಂದು ನಿಂತವು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವನ್ನೆಲ್ಲ ನುಂಗಿಕೊಂಡೆ. ಅಷ್ಟು ಕಷ್ಟದ ಕೆಲಸವನ್ನು ನಾನು ಹೊಲದಲ್ಲೂ ಮಾಡಿಲ್ಲ.

"ಚೆನ್ನಾಗ್ ಬಂದದೆ" ಎಂದೆ.

"ಅಷ್ಟೇನಾ? ಇನ್ನೇನೂ ಕೇಳಲ್ವಾ?"

"ಇಲ್ಲ ಕಣವ್ವ. ನಿನಗೆ ಹೇಳ್ಬೇಕು ಅನ್ಸುದಾಗ ಹೇಳು. ಕೂತ್ಕೊಂಡು ಕೇಳ್ತೀನಿ."

ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅರಳಲಿಲ್ಲ. ಹುಬ್ಬು ಗಂಟಾಯಿತು. ಫೋನನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡಳು.

"ಆಗ್ಲೇ ವಿಚಾರ್ಸ್ಕೊಂಡ್ ಬಂದಿದ್ದೀರ ಅಲ್ವಾ?" ಎಂದಳು. "ನಾವಿಲ್ಲದಾಗ ಮಂಗಳೂರಿಗ್ ಹೋಗಿದ್ರಾ? ಯಾರನ್ನ ಕೇಳುದ್ರಿ? ನಿಜ ಹೇಳಿ ಅಪ್ಪಾಜಿ."

"ದೇವ್ರಾಣೆಗೂ ಇಲ್ಲ. ಮೂರು ದಿನ ಇಲ್ಲೇ ಕೂತಿದ್ದೀನಿ. ಬೇಕಾದ್ರೆ ಅಕ್ಕಪಕ್ಕದವ್ರನ್ನ ಕೇಳು."

"ಕೇಳ್ತೀನಿ" ಎಂದಳು. ಎದ್ದು ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಯ ಕಡೆ ಹೋದಳು.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಅವಳು ತಿರುಗಿ ಬರುವವರೆಗೆ, ಅವರು ನನ್ನ ಬಗ್ಗೆ ಏನೆಂದುಬಿಡುತ್ತಾರೋ ಎಂದು ಪಕ್ಕದ ಮನೆಯ ಕಡೆಗೇ ಕಿವಿ ಕೊಟ್ಟು ಕೂತಿದ್ದೆ.